ಇಂಧನ ತೆರಿಗೆ ಕಡಿತದ ಅವಕಾಶ ವೆಚ್ಚ

ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯನ್ನು ಇಳಿಸಿದಾಗ ಅಥವಾ ತೆಗೆದಾಗ ಬೊಕ್ಕಸಕ್ಕೆ ಬಾರದೆ ಹೋಗುವ ಹಣದಿಂದ ಆಗಬಹುದಾಗಿದ್ದ ಅತ್ಯುತ್ತಮ ಕೆಲಸವೇ ಆ ಕಡಿತದ ಅವಕಾಶ ವೆಚ್ಚ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆಯೇ ನಿಜವಾದ ವೆಚ್ಚ ಎಂಬ ವಿಚಾರವನ್ನು 19ನೆಯ ಶತಮಾನದ ಕೊನೆಯಲ್ಲಿ ಬೆಳೆಸಿದವನು ಆಸ್ಟ್ರಿಯದ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಫಾನ್ ವೀಸರ್. ಕರ್ನಾಟಕದಲ್ಲಿ ಈ ತೆರಿಗೆ ಪೂರ್ತಿ ರದ್ದಾಗಿಲ್ಲ, ಹಲವು ಬಾರಿ ಏರಿಳಿದಿದೆ. ಆ ಏರಿಳಿತದ ಲಾಭ ಯಾರಿಗೆ, ಹೊರೆ ಯಾರಿಗೆ ಎಂಬುದಕ್ಕೆ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳ ಊರು ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಒಳ್ಳೆಯ ನಿದರ್ಶನ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಪೆಟ್ರೋಲ್, ಡೀಸೆಲ್ ಅದರಿಂದ ಹೊರಗುಳಿದವು. ಕೇಂದ್ರವು ಲೀಟರಿಗೆ ಇಷ್ಟು ರೂಪಾಯಿ ಎಂದು ಅಬಕಾರಿ ಸುಂಕ ಹಾಕುತ್ತದೆ. ರಾಜ್ಯವು ಆ ಸುಂಕವೂ ಸೇರಿದ ಬೆಲೆಯ ಮೇಲೆ ಶೇಕಡಾವಾರು ಮಾರಾಟ ತೆರಿಗೆ ವಿಧಿಸುತ್ತದೆ. ಹೀಗಾಗಿ ಕೇಂದ್ರ ಸುಂಕ ಇಳಿಸಿದರೆ ರಾಜ್ಯದ ಪಾಲೂ ತಾನಾಗಿ ಕುಗ್ಗುತ್ತದೆ.

2018ರ ಜುಲೈ ಬಜೆಟ್ಟಿನಲ್ಲಿ ರಾಜ್ಯವು ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ. 30ರಿಂದ 32ಕ್ಕೆ, ಡೀಸೆಲ್ ಮೇಲಿನದನ್ನು ಶೇ. 19ರಿಂದ 21ಕ್ಕೆ ಏರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೀಟರಿಗೆ 2 ರೂಪಾಯಿ ಇಳಿಸಿ, 2019ರ ಜನವರಿಯಲ್ಲಿ ಹಳೆಯ ದರವನ್ನು ಮತ್ತೆ ತಂದಿತು. 2020ರ ಏಪ್ರಿಲ್‌ನಲ್ಲಿ ದರಗಳು ಶೇ. 35 ಮತ್ತು 24ಕ್ಕೆ ಏರಿದವು. 2021ರ ದೀಪಾವಳಿಯ ಹೊತ್ತಿಗೆ ಕೇಂದ್ರವು ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಸುಂಕ ಇಳಿಸಿತು. ಬಸವರಾಜ ಬೊಮ್ಮಾಯಿ ಸರ್ಕಾರ ಎರಡರ ಮೇಲೂ ಇನ್ನೂ 7 ರೂಪಾಯಿ ಬಿಟ್ಟಿತು. ರಾಜ್ಯಕ್ಕೆ ಇದರಿಂದ ಆಗುವ ನಷ್ಟ 2,100 ಕೋಟಿ ರೂಪಾಯಿ ಎಂದು ಸರ್ಕಾರವೇ ಅಂದಾಜಿಸಿತ್ತು. 2024ರ ಜೂನ್ 15ರಂದು ಸಿದ್ದರಾಮಯ್ಯ ಸರ್ಕಾರ, ಆ ಕಡಿತದಿಂದ ಇಳಿದಿದ್ದ ಪೆಟ್ರೋಲ್ ತೆರಿಗೆಯನ್ನು ಶೇ. 29.84ಕ್ಕೆ, ಡೀಸೆಲ್ ತೆರಿಗೆಯನ್ನು ಶೇ. 18.4ಕ್ಕೆ ಹೆಚ್ಚಿಸಿತು, 2025ರ ಏಪ್ರಿಲ್ 1ರಂದು ಡೀಸೆಲ್ ತೆರಿಗೆ ಶೇ. 21.17 ಆಯಿತು.

2,100 ಕೋಟಿ ಎಷ್ಟು ದೊಡ್ಡದೆಂದು ತಿಳಿಯಲು ಕೋಲಾರದ ಕೆರೆಗಳನ್ನೇ ನೋಡಬಹುದು. ಬೆಂಗಳೂರಿನ ಸಂಸ್ಕರಿತ ನೀರನ್ನು ಈ ಬರಡು ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆ ತಲುಪಿತು. ಅದರ ಮೊದಲ ಹಂತದ ವೆಚ್ಚ ಸುಮಾರು 1,300 ಕೋಟಿ. ತೆರಿಗೆ ಇಳಿಸಿದ್ದರಿಂದ ಇಂಥ ಯೋಜನೆಯೊಂದು ನಿಂತಿತೆಂದು ಇದರ ಅರ್ಥವಲ್ಲ. ಬಿಟ್ಟುಕೊಟ್ಟ ಮೊತ್ತ ಅದಕ್ಕಿಂತ ದೊಡ್ಡದು ಎಂಬುದಷ್ಟೇ ಹೋಲಿಕೆಯ ತಾತ್ಪರ್ಯ.

ಕಡಿತದ ಲಾಭ ಸಿಗುವುದು ಲೀಟರಿನ ಲೆಕ್ಕದಲ್ಲಿ. 7 ರೂಪಾಯಿ ಇಳಿದಾಗ 100 ಲೀಟರ್ ತುಂಬಿಸುವ ಲಾರಿಗೆ 700 ರೂಪಾಯಿ ಉಳಿಯುತ್ತದೆ, 2 ಲೀಟರ್ ಹಾಕಿಸುವ ಬೈಕಿಗೆ 14 ರೂಪಾಯಿ. ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಜನ ಕೂಲಿ, ನೌಕರಿಗಾಗಿ ಮಾರಿಕುಪ್ಪಂ, ಬಂಗಾರಪೇಟೆ ಮಾರ್ಗವಾಗಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತಾರೆ. ರಾಜ್ಯದ ಮಾರಾಟ ತೆರಿಗೆ ಇಳಿದರೂ ಅವರ ಪಾಸಿನ ದರ ಇಳಿಯದು. ಬಿಟ್ಟುಕೊಟ್ಟ ತೆರಿಗೆಯ ಹಣ ಆಸ್ಪತ್ರೆಗೋ ಕುಡಿಯುವ ನೀರಿಗೋ ಸಂದಿದ್ದರೆ ಅವರಿಗೂ ಪಾಲು ಸಿಗುತ್ತಿತ್ತು. ಆದರೆ ಲಾಭ ಲಾರಿ ಮಾಲೀಕರಲ್ಲೇ ನಿಲ್ಲುವುದೂ ಇಲ್ಲ. ಕೋಲಾರದ ಟೊಮೆಟೊ ದೂರದ ಮಾರುಕಟ್ಟೆಗಳಿಗೆ ಹೋಗುವುದು ಡೀಸೆಲ್ ಲಾರಿಗಳಲ್ಲಿ. ಬಾಡಿಗೆ ನಿಜವಾಗಿ ಇಳಿದರೆ ಬೆಳೆಗಾರನಿಗೂ ಒಂದಂಶ ದಕ್ಕುತ್ತದೆ.

ಗಡಿಯ ಲೆಕ್ಕ ಬೇರೆ. ಕೆ.ಜಿ.ಎಫ್.ನಿಂದ ಆಂಧ್ರಪ್ರದೇಶದ ಕುಪ್ಪಂ ದೂರವಲ್ಲ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯೂ ಹತ್ತಿರ. 2021ರ ನವೆಂಬರಿನಲ್ಲಿ ಕರ್ನಾಟಕ ತೆರಿಗೆ ಇಳಿಸಿದಾಗ ಆಂಧ್ರ ತನ್ನದನ್ನು ಇಳಿಸಲಿಲ್ಲ. ಇಂಥ ಅಂತರವಿದ್ದಾಗ ಗಡಿಯಾಚೆಯ ವಾಹನಗಳು ಕರ್ನಾಟಕದ ಬಂಕುಗಳಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುತ್ತವೆ, ಆ ಪ್ರತಿ ಲೀಟರಿನ ತೆರಿಗೆ ಈ ರಾಜ್ಯಕ್ಕೆ ಸೇರುತ್ತದೆ. ಆದ್ದರಿಂದ ದರ ಇಳಿದಷ್ಟೇ ಪ್ರಮಾಣದಲ್ಲಿ ವರಮಾನ ಇಳಿಯದು. ನೆರೆರಾಜ್ಯವೂ ದರ ಇಳಿಸಿದರೆ ಈ ಲಾಭ ಕರಗುತ್ತದೆ.

ಹೀಗೆ ಅವಕಾಶ ವೆಚ್ಚವನ್ನು ಅಳೆಯುವಾಗ ಬಿಟ್ಟುಕೊಟ್ಟ ತೆರಿಗೆಯಿಂದ ಮಾರಾಟ ಹೆಚ್ಚಿ ಮರಳಿ ಬಂದ ವರಮಾನವನ್ನು ಕಳೆಯಬೇಕು. ಉಳಿದ ಹಣ ಜನರ ಜೇಬಿನಲ್ಲಿ ಮಾಡಿದ ಕೆಲಸವನ್ನು, ಸರ್ಕಾರದ ಕೈಯಲ್ಲಿ ಮಾಡಬಹುದಾಗಿದ್ದ ಕೆಲಸದೊಡನೆ ತೂಗಬೇಕು.