ಗುಬ್ಬಿಗೆ ಒಡಂಬಡಿಸಲು ಬಂದವರು

‘ಹೇಗೋ ಅವರನ್ನು ಕನ್ವಿನ್ಸ್ ಮಾಡಿದೆ’ ಎಂಬ ಮಾತು ತುಮಕೂರಿನ ಕಚೇರಿ ಹೋಟೆಲುಗಳಲ್ಲಿ ಮಾತ್ರವಲ್ಲ, ಕುಣಿಗಲ್ಲಿನ ಬಸ್ಸಿನಲ್ಲಿಯೂ ನನ್ನ ಕಿವಿಗೆ ಬೀಳುತ್ತಿರುತ್ತದೆ. ಹಾಗೆನ್ನುವವರಲ್ಲಿ ಇಂಗ್ಲಿಷು ಓದದವರೂ ಉಂಟು. ಒಪ್ಪಿಸುವುದಕ್ಕೆ ಕನ್ನಡದಲ್ಲಿ ಮಾತಿಗೆ ಬರವೆ? ಒಪ್ಪಿಸುವ ಕೆಲಸವನ್ನೇ ಹೊತ್ತುಕೊಂಡು ಈ ಸೀಮೆಗೆ ಬಂದ ಇಂಗ್ಲಿಷರು ನಮ್ಮ ಮಾತನ್ನೇ ಕಷ್ಟಪಟ್ಟು ಕಲಿಯಬೇಕಾಯಿತು ಎಂಬುದನ್ನು ನೆನೆದರೆ ಈ ಪ್ರಶ್ನೆಗೆ ಸ್ವಾರಸ್ಯ ಬರುತ್ತದೆ.

ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರು 1837ರಲ್ಲಿ ಗುಬ್ಬಿಯಲ್ಲಿ ನೆಲೆ ಮಾಡಿದರು. ಅದು ಅಡಕೆ ವ್ಯಾಪಾರಕ್ಕೆ ಹೆಸರಾದ ಊರು. ಸಂತೆಗೆ ಸುತ್ತಣ ಹಳ್ಳಿಗಳ ಜನ ನೆರೆಯುತ್ತಿದ್ದರು. ಉಪದೇಶಿಗೆ ಇನ್ನೇನು ಬೇಕು? ಎರಡು ವರ್ಷದ ಬಳಿಕ ಇಪ್ಪತ್ತರ ಹರೆಯದ ವಿಲಿಯಂ ಆರ್ಥರ್ ಬಂದು ಸೇರಿದರು. 1841ರಲ್ಲಿ ಆರೋಗ್ಯ ಕೆಟ್ಟು ಹಿಂದಿರುಗಿದ ಅವರು 1847ರಲ್ಲಿ ಮೈಸೂರು ಸೀಮೆಯ ಮಿಷನ್ನನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಹಾಡ್ಸನ್ನರು ಮುಂದೆ ಕನ್ನಡ ವ್ಯಾಕರಣ ಬರೆದರು. ಅದೇ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ನರು ರೀವ್ ಅವರ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದರು. ಮೊದಲ ದಶಕಗಳಲ್ಲಿ ಅವರ ಮತಕ್ಕೆ ಸೇರಿದವರು ಕೆಲವರೇ. ಕನ್ನಡಕ್ಕೆ ಸಂದದ್ದು ಮಾತ್ರ ಕಡಮೆಯಲ್ಲ.

ಅವರ ನುಡಿಯಲ್ಲಿ ಈ ಕೆಲಸಕ್ಕೆ ಎರಡು ಮುಖ್ಯ ಶಬ್ದಗಳಿವೆ. ‘ಪರ್ಸುಯೇಡ್’ ಎಂಬುದು ಲ್ಯಾಟಿನ್ನಿನಿಂದ ಬಂದದ್ದು. ಅದರ ಬೇರು ಸಿಹಿಗೆ ಸಂಬಂಧಪಟ್ಟದ್ದು, ನಮ್ಮ ‘ಸ್ವಾದು’ವಿಗೆ ದಾಯಾದಿ. ‘ಕನ್ವಿನ್ಸ್’ ಎಂಬುದರ ಬೇರು ಗೆಲ್ಲುವುದು. ‘ವಿಕ್ಟರಿ’ ಅದರ ಬಳಗದ್ದೇ. ಒಂದು ಬೆಲ್ಲ, ಇನ್ನೊಂದು ಕತ್ತಿ. ನಾವು ಆರಿಸಿಕೊಂಡದ್ದು ಕತ್ತಿಯನ್ನು!

ಕನ್ನಡದ ‘ಒಡಂಬಡು’ ಬೇರೆಯೇ ದಾರಿಯದು. ಒಡನೆ ಆಗುವುದು, ಇಬ್ಬರೂ ಒಂದೆಡೆಗೆ ಬರುವುದು ಅದರ ಅರ್ಥ; ಅಲ್ಲಿ ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಕನ್ನಡ ಬೈಬಲಿನ ಎರಡು ಭಾಗಗಳಿಗೂ ‘ಒಡಂಬಡಿಕೆ’ ಎಂದು ಹೆಸರಿರುವುದನ್ನು ವಾಚಕರು ಗಮನಿಸಿರಬಹುದು. ಇನ್ನು ‘ಮನವರಿಕೆ’ ಬುದ್ಧಿಗೆ ಸೇರಿದ್ದು, ‘ಮನವೊಲಿಸು’ ಹೃದಯಕ್ಕೆ ಸೇರಿದ್ದು. ಧೂಮಪಾನ ಕೆಡುಕೆಂದು ಮನವರಿಕೆಯಾದವನೂ ಬೀಡಿ ಬಿಡುವುದಿಲ್ಲ. ಅವನ ಮನಸ್ಸನ್ನು ಒಲಿಸುವ ಕೆಲಸ ಬೇರೆ ಉಳಿದಿರುತ್ತದೆ. ‘ಕನ್ವಿನ್ಸ್ ಮಾಡಿದೆ’ ಎಂದರೆ ಇವೆರಡರಲ್ಲಿ ಯಾವುದು ಆಯಿತೆಂದು ತಿಳಿಯುವುದೇ ಇಲ್ಲ.

ಬೆಣ್ಣೆ ಹಚ್ಚುವುದು, ದುಂಬಾಲು ಬೀಳುವುದು, ಕಿವಿ ಊದುವುದು ಇವೆಲ್ಲ ಬೀದಿಯ ಸಂಪತ್ತು. ‘ಪುಸಲಾಯಿಸು’ ಹಿಂದೂಸ್ತಾನಿಯಿಂದ ಬಂದು ನಮ್ಮದೇ ಆಗಿಬಿಟ್ಟಿದೆ. ಬೆಣ್ಣೆ ಇಂಗ್ಲಿಷರಲ್ಲಿಯೂ ಉಂಟು. ದನದ ಜಾತ್ರೆಯಲ್ಲಂತೂ ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿದೇ ಬೆಲೆ ಕುದುರಿಸುತ್ತಾನೆ. ಅಲ್ಲಿ ಯಾವ ನಿಘಂಟೂ ಬೇಡ.

ಹಾಗೆಂದು ನಮ್ಮ ಶಬ್ದಗಳೆಲ್ಲ ಸಾಧುಗಳೆಂದು ನಾನು ಹೇಳಲಾರೆ. ‘ಒಪ್ಪಿಸು’ ಎಂಬುದನ್ನೇ ನೋಡಿ. ಹುಡುಗ ಪಾಠ ಒಪ್ಪಿಸುತ್ತಾನೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ, ಮದುವೆಯಲ್ಲಿ ಹೆಣ್ಣನ್ನು ಒಪ್ಪಿಸುತ್ತಾರೆ. ಒಪ್ಪುವಂತೆ ಮಾಡುವುದಕ್ಕೂ, ಒಯ್ದು ಕೈಗಿಡುವುದಕ್ಕೂ ಒಂದೇ ಶಬ್ದ. ‘ಹುಡುಗಿಯನ್ನು ಒಪ್ಪಿಸಿದ್ದಾಯಿತು’ ಎಂದು ಮನೆಯ ಹಿರಿಯರು ನೆಮ್ಮದಿಯಿಂದ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ, ಅವಳಿಗೆ ಮನವರಿಕೆಯಾಯಿತೆ, ಅವಳ ಮನಸ್ಸು ಒಲಿಯಿತೆ, ಅಥವಾ ಬರಿಯ ಒಪ್ಪಿಸುವಿಕೆ ಮಾತ್ರ ನಡೆಯಿತೆ ಎಂದು ಕೇಳಬೇಕೆನಿಸುತ್ತದೆ. ಈಚೆಗೆ ಅದೇ ಹಿರಿಯರು ‘ಕನ್ವಿನ್ಸ್ ಮಾಡಿದೆವು’ ಎನ್ನತೊಡಗಿದ್ದಾರೆ.