ದಳವಾಯಿಯ ಊರಿನಲ್ಲಿ ತಳವಾರನ ನೆನಪು

ನಂಜನಗೂಡಿನ ಸಮೀಪದ ಕಳಲೆಯ ಹೆಸರು ಕೇಳಿದೊಡನೆ ಇತಿಹಾಸ ಬಲ್ಲವರಿಗೆ ದಳವಾಯಿಗಳು ನೆನಪಾಗುತ್ತಾರೆ. ರಾಜ ಒಡೆಯರ ಕಾಲದಲ್ಲಿ, 1614ರ ಸುಮಾರಿಗೆ, ಮೈಸೂರಿನ ದಳವಾಯಿ ಪದವಿಯು ಕಳಲೆ ಮನೆತನಕ್ಕೆ ಸಲ್ಲತಕ್ಕದ್ದೆಂಬ ಒಪ್ಪಂದವಾಯಿತೆಂದು ಪರಂಪರೆ ಹೇಳುತ್ತದೆ. ಹದಿನೆಂಟನೆಯ ಶತಮಾನದಲ್ಲಿ ದೇವರಾಜಯ್ಯ, ನಂಜರಾಜಯ್ಯ ಸಹೋದರರು ಅರಸರನ್ನು ಹೆಸರಿಗೆ ಮಾತ್ರ ಉಳಿಸಿ ತಾವೇ ರಾಜ್ಯವಾಳಿದರು. 1761ರಲ್ಲಿ ಹೈದರ್ ಅಲಿ ಅಧಿಕಾರ ಹಿಡಿಯುವುದರೊಂದಿಗೆ ಆ ವೈಭವ ಮುಗಿಯಿತು.

ಆದರೆ ನಾನಿಂದು ಬರೆಯಹೊರಟಿರುವುದು ಇದೇ ಸೀಮೆಯ ಇನ್ನೊಂದು ವಂಶಪಾರಂಪರ್ಯ ಹುದ್ದೆಯನ್ನು ಕುರಿತು. ಅದು ತಳವಾರಿಕೆ. ಅರಮನೆಯಲ್ಲಿ ದಳವಾಯಿ ಹೇಗೋ, ಊರಬಾಗಿಲಿನಲ್ಲಿ ತಳವಾರ ಹಾಗೆ.

1960ರ ಸುಮಾರಿನಲ್ಲಿ ನಾನು ಪ್ರಾಥಮಿಕ ಶಾಲೆಯ ಹುಡುಗ. ನಮ್ಮೂರಿನ ತಳವಾರ ರಾತ್ರಿ ಕೋಲು ಹಿಡಿದು ಗಸ್ತು ತಿರುಗುವಾಗ ಅವನ ಹಿಂದೆ ಲಾಟೀನು ಹಿಡಿದ ಮಗನಿರುತ್ತಿದ್ದ. ಆತ ನನ್ನ ಸಹಪಾಠಿ. ಯಾವ ಮನೆಗೆ ನೆಂಟರು ಬಂದಿದ್ದಾರೆ, ಯಾರ ಎತ್ತಿನ ಗೊರಸು ಸವೆದಿದೆ, ಯಾವ ಹೆಜ್ಜೆ ಊರಿನವರದಲ್ಲ ಎಂಬುದನ್ನೆಲ್ಲ ಅಪ್ಪ ತೋರಿಸುತ್ತಿದ್ದ, ಮಗ ನೋಡಿ ಕಲಿಯುತ್ತಿದ್ದ. ಆ ಲಾಟೀನನ್ನು ಕಂಡು ನಾನು ಅಸೂಯೆಪಟ್ಟದ್ದುಂಟು. ಹಗಲಿನಲ್ಲಿ ಅವನು ತರಗತಿಯಲ್ಲಿ ತೂಕಡಿಸುತ್ತಿದ್ದ. ಬೆತ್ತದ ಏಟು ತಿನ್ನುತ್ತಿದ್ದ. ನಾಲ್ಕನೆಯ ತರಗತಿಯ ಬಳಿಕ ಅವನು ಶಾಲೆಗೆ ಬರಲಿಲ್ಲ. ಏಕೆಂದು ಯಾರೂ ಕೇಳಲೂ ಇಲ್ಲ. ತಳವಾರನ ಮಗ ತಳವಾರನಾಗುವುದು ಸಹಜವೆಂದೇ ಎಲ್ಲರೂ ತಿಳಿದಿದ್ದರು.

ಈ ಉಮೇದುವಾರಿಕೆ ಬಹು ಪುರಾತನವಾದದ್ದು. ಊರಿನ ಆಯಗಾರರಲ್ಲಿ ಗೌಡ, ಶಾನುಭೋಗ, ಕಮ್ಮಾರ, ಬಡಗಿ, ನೀರಗಂಟಿ ಮೊದಲಾದವರೊಡನೆ ತಳವಾರ, ತೋಟಿಯರೂ ಸೇರಿದ್ದರು. 1812ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಬಂದ ಐದನೆಯ ವರದಿಯು ಮದರಾಸು ಪ್ರಾಂತದ ಹಳ್ಳಿಗಳನ್ನು ವರ್ಣಿಸುತ್ತ ಇವರಿಬ್ಬರ ಕರ್ತವ್ಯವನ್ನು ಬೇರ್ಪಡಿಸಿ ಹೇಳುತ್ತದೆ. ಅಪರಾಧಗಳ ಸುಳಿವು ಹಿಡಿಯುವುದು, ಪ್ರಯಾಣಿಕರನ್ನು ಊರಿಂದೂರಿಗೆ ಕಾವಲಿನಲ್ಲಿ ಮುಟ್ಟಿಸುವುದು ತಳವಾರನ ಕೆಲಸ. ಬೆಳೆ ಕಾಯುವುದು, ಅಳತೆಗೆ ನೆರವಾಗುವುದು ತೋಟಿಯ ಕೆಲಸ. ಪ್ರತಿಫಲವೆಂದರೆ ಸುಗ್ಗಿಯ ಕಣದಲ್ಲಿ ಅಳೆದುಕೊಟ್ಟ ಧಾನ್ಯ ಮತ್ತು ಒಂದಿಷ್ಟು ಇನಾಂ ಜಮೀನು.

ಮೇಲಿನ ಮಟ್ಟದಲ್ಲಿ ಕಂದಾಚಾರವಿತ್ತು. ಪೂರ್ಣಯ್ಯನವರ ಆಡಳಿತದಲ್ಲಿ ಕಂದಾಚಾರದ ಸಿಪಾಯಿಗಳೇ ಸೈನಿಕರೂ ಪೊಲೀಸರೂ ಆಗಿದ್ದರು. ಮುಂದೆ ಪ್ರತ್ಯೇಕ ಪೊಲೀಸ್ ಇಲಾಖೆ ರೂಪುಗೊಂಡಿತು. ಸ್ವಾರಸ್ಯವೆಂದರೆ ಮೈಸೂರು ಸಂಸ್ಥಾನದ ಪೊಲೀಸ್ ಕಾಯಿದೆ, ಗ್ರಾಮ ಹುದ್ದೆಗಳ ಕಾಯಿದೆ ಇವೆರಡೂ 1908ರವು. ಪೊಲೀಸಿನವನು ನೇಮಕಗೊಂಡು ಬರುತ್ತಿದ್ದ. ತಳವಾರನು ಹುಟ್ಟಿ ಬರುತ್ತಿದ್ದ. ಠಾಣೆಯವರು ಕಳ್ಳನನ್ನು ಹುಡುಕಲು ಹಳ್ಳಿಗೆ ಬಂದಾಗ ಮೊದಲು ಕರೆಯುತ್ತಿದ್ದುದು ಮಾತ್ರ ಆ ಹುಟ್ಟಿಬಂದವನನ್ನೇ. ಸಮವಸ್ತ್ರ ಅವರದು, ತಿಳಿವಳಿಕೆ ಇವನದು.

ಆ ವಿದ್ಯೆಯನ್ನು ಹೊಗಳುವಾಗ ಅದರ ಸಂಕೋಲೆಯನ್ನು ಮರೆಯಬಾರದು. ತೋಟಿ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳ ಪಾಲಿಗೆ ಬಂದಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೂ ಓಡಬೇಕಿತ್ತು. ಒಲ್ಲೆನೆನ್ನುವಂತಿರಲಿಲ್ಲ. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1961ರಲ್ಲಿ ರೂಪುಗೊಂಡು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಈ ಆನುವಂಶಿಕ ಹುದ್ದೆಗಳೆಲ್ಲ ಕೊನೆಗೊಂಡವು. ಜಮೀನುಗಳನ್ನು ಹುದ್ದೆದಾರರಿಗೇ ಮರುಮಂಜೂರು ಮಾಡುವ ಅವಕಾಶವೂ ಅದರಲ್ಲಿತ್ತು. ನನ್ನ ಸಹಪಾಠಿಗೆ ಬಿಡುಗಡೆ ದೊರೆಯಿತು. ಆದರೆ ಶಾಲೆಗೆ ಮರಳುವ ಕಾಲ ಮೀರಿತ್ತು.

ಇಂಗ್ಲೆಂಡಿನಲ್ಲಿ 2018ರಿಂದೀಚೆಗೆ ಸಂಬಳ ಪಡೆಯುತ್ತ ಮೂರು ವರ್ಷ ಪೊಲೀಸ್ ಕೆಲಸ ಕಲಿತು, ಜೊತೆಯಲ್ಲೇ ಪದವಿಯನ್ನೂ ಗಳಿಸುವ ಅಪ್ರೆಂಟಿಸ್ ಪದ್ಧತಿ ಬಂದಿದೆಯೆಂದು ಓದಿದಾಗ ನನಗೆ ಆ ಲಾಟೀನು ನೆನಪಾಯಿತು. ಅನುಭವಿಯ ಹಿಂದೆ ನಡೆದು ಕಲಿಯುವ ರೀತಿ ಒಂದೇ. ಅಲ್ಲಿ ಬಯಸಿ ಬಂದವನು ಕಲಿಯುತ್ತಾನೆ, ಓದನ್ನೂ ಪಡೆಯುತ್ತಾನೆ. ಇಲ್ಲಿ ಕಲಿಕೆಯೇ ಓದನ್ನು ಕಸಿದುಕೊಂಡಿತು. ನಮ್ಮ ರಾಜ್ಯದ ಪೊಲೀಸರೂ 2017ರಲ್ಲಿ ಗಸ್ತು ವ್ಯವಸ್ಥೆಯನ್ನು ಸುಧಾರಿಸಿ, ಒಬ್ಬೊಬ್ಬ ಪೇದೆಗೂ ಒಂದೊಂದು ಪ್ರದೇಶವನ್ನು ವಹಿಸಿದರು. ಊರನ್ನು ಬಲ್ಲವನೇ ಊರನ್ನು ಕಾಯಬಲ್ಲನೆಂಬ ತಳವಾರನ ಪಾಠವೇ ಅದಲ್ಲವೆ?

ಆ ಸಹಪಾಠಿಯ ಮೊಮ್ಮಗ ಪರೀಕ್ಷೆ ಬರೆದು ಪೇದೆಯಾಗಿ ಆಯ್ಕೆಯಾದನೆಂದು ತಿಳಿಸಲು ಅವನೇ ಒಮ್ಮೆ ನಮ್ಮ ಮನೆಗೆ ಬಂದಿದ್ದ. “ಇವನು ಓದಿ ಪೊಲೀಸಾದ, ಮೇಷ್ಟ್ರೇ” ಎಂದ. “ಓದಿ” ಎಂಬ ಮಾತನ್ನು ಅವನು ಒತ್ತಿ ಹೇಳಿದ ಬಗೆಯನ್ನು ನಾನು ಮರೆತಿಲ್ಲ.