ಹಳೆಯ ಫೋರ್ಡ್ ಪಿಕಪ್ಪಿನ ಪುನರುಜ್ಜೀವನ

ಅಮೆರಿಕದ ರೈತರು ಒಂದು ಕಾಲಕ್ಕೆ ತಮ್ಮ ಕಾರುಗಳ ಹಿಂಬದಿಗೆ ತಾವೇ ಮರದ ಪೆಟ್ಟಿಗೆಗಳನ್ನು ಕೂರಿಸಿ ಸರಕು ಸಾಗಿಸುತ್ತಿದ್ದರು. ಇದನ್ನು ಕಂಡ ಫೋರ್ಡ್ ಕಂಪನಿಯು 1925ರಲ್ಲಿ, ಕಾರ್ಖಾನೆಯಲ್ಲಿಯೇ ಸರಕುಪೆಟ್ಟಿಗೆ ಜೋಡಿಸಿದ ಮಾಡೆಲ್ ಟಿ ಪಿಕಪ್ಪನ್ನು 281 ಡಾಲರಿಗೆ ಮಾರಾಟಕ್ಕೆ ತಂದಿತು.

ದಶಕಗಳ ಕಾಲ ಕೊಟ್ಟಿಗೆಯಲ್ಲಿ ಧೂಳು ತಿಂದ ಇಂತಹ ವಾಹನವೂ ಮತ್ತೆ ರಸ್ತೆಗಿಳಿಯಬಲ್ಲದು. ಅದಕ್ಕೆ ಕಾರಣ ಅದರ ಸರಳತೆ. ಇಂಧನಕ್ಕೆ ಪಂಪಿಲ್ಲ, ಟ್ಯಾಂಕಿನಿಂದ ಪೆಟ್ರೋಲು ತಾನಾಗಿಯೇ ಇಳಿದು ಬರುತ್ತದೆ. ನೀರಿಗೂ ಪಂಪಿಲ್ಲ, ಕಾದ ನೀರು ಮೇಲೇರುತ್ತದೆ, ತಣಿದ ನೀರು ಕೆಳಗಿಳಿಯುತ್ತದೆ. ನಾನು ತರಗತಿಯಲ್ಲಿ ಕಲಿಸಿದ ಉಷ್ಣಸಂವಹನದ ಪಾಠ ನಿಮಗೆ ನೆನಪಾಗಬಹುದು.

ಆದರೆ ಆತುರ ಸಲ್ಲದು. ಮೊದಲು ಕೆಟ್ಟ ಪೆಟ್ರೋಲನ್ನು ಬಸಿದು ಟ್ಯಾಂಕನ್ನು ತೊಳೆಯಬೇಕು. ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಎಣ್ಣೆ ಹನಿಸಿ, ಕೆಲವು ದಿನ ಕಾಯಬೇಕು. ಬಳಿಕ ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಚಕ್ರದ ಮರದ ಕಡ್ಡಿಗಳು ಸಡಿಲಗೊಂಡಿವೆಯೇ ಎಂದು ಪರೀಕ್ಷಿಸಬೇಕು. ಸ್ಟಿಯರಿಂಗಿನ ಎಡಬದಿಯ ಹಿಡಿಕೆಯನ್ನು ಮೇಲಕ್ಕೆ ಸರಿಸಿ ಕಿಡಿಯನ್ನು ತಡಗೊಳಿಸದೆ ಚಾಲನೆಯ ಹ್ಯಾಂಡಲ್ ತಿರುವಿದರೆ, ಎಂಜಿನ್ ಹಿಮ್ಮುಖವಾಗಿ ಒದೆದು ಮುಂಗೈ ಮುರಿದೀತು. ಅಂದು ಅನೇಕರಿಗೆ ಹಾಗೆಯೇ ಆಗಿತ್ತು.

ಮಾಡೆಲ್ ಟಿಯ ತಯಾರಿಕೆ 1927ರಲ್ಲಿ ನಿಂತಿತು. ಆದರೂ ಬಳಸುವವನೇ ದುರಸ್ತಿ ಮಾಡಿಕೊಳ್ಳಬಹುದಾದ ಯಂತ್ರವಾದುದರಿಂದ, ತಾಳ್ಮೆಯುಳ್ಳ ಕೈಗಳಿಗೆ ಅದು ಇಂದಿಗೂ ಒಲಿಯುತ್ತದೆ.